ಬೂದಿ ಗಡಿಗೆಯೊಳಗಿನ ಕೈ

ಮುನಿರತ್ನಮ್ಮನ ಬಲಗೈ ಸತ್ತದ್ದು ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದ ದಿನ ಬೆಳಿಗ್ಗೆ.

ಬಚ್ಚಲ ಕಲ್ಲಿನ ಮೇಲೆ ಕೂತು ತಟ್ಟೆ ತೊಳೆಯುತ್ತಿದ್ದಳು. ಹೆಬ್ಬೆರಳಿನ ಬುಡದಲ್ಲಿ ತೊಗಲು ಸೀಳು ಬಿಟ್ಟು ಒಂದು ತಿಂಗಳಾಗಿತ್ತು. ಅದರ ಮೇಲೆ ಬಟ್ಟೆ ಸುತ್ತಿ, ಅದಕ್ಕೊಂದು ಪ್ಲಾಸ್ಟಿಕ್ ಕಟ್ಟಿ ಕಾಲ ತಳ್ಳುತ್ತಿದ್ದಳು. ಅವತ್ತು ಕಟ್ಟು ಸಡಿಲಾದದ್ದು ಗೊತ್ತಾಗಲಿಲ್ಲ. ನೀರು ಒಳಗಿಳಿಯಿತು. ಬೆರಳುಗಳು ಒಮ್ಮೆ ಬಿಗಿದುಕೊಂಡವು, ಒಮ್ಮೆ ಅರಳಿದವು, ಅರಳಿದ ಹಾಗೇ ನಿಂತವು.

"ಮಾವಾ, ಕೈ ಹೋಯ್ತು ನೋಡು," ಎಂದು ಕೂಗಿದಳು.

ಮಾವ ಎಂದರೆ ಗಂಡ ಪಿಳ್ಳಾಂಜಿನಪ್ಪ. ತಾಯಿಯ ತಮ್ಮ. ಲಂಗ ತೊಡುವ ವಯಸ್ಸಿನಿಂದ ಮಾವ ಎಂದೇ ಕರೆದವಳು ಮದುವೆಯಾಗಿ ಮೂವತ್ತು ವರ್ಷವಾದರೂ ಆ ಮಾತು ಬಿಟ್ಟಿರಲಿಲ್ಲ. ಅವನು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ಬಂದು, ಆ ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದ. ಒಂದೂ ಏಳಲಿಲ್ಲ.

"ಹೋದ್ರೆ ಹೋಗ್ಲಿ ಬಿಡು ರತ್ನ. ಹೊಸ ಕೈ ಬಂದೈತೆ ಅಂತ ಕೇಂದ್ರದೋರು ಮೊನ್ನೇನೆ ಫೋನ್ ಮಾಡಿದ್ರು. ಅಭ್ಯಾಸ ಮನೇಲೇ ಐತಲ್ಲ, ತಗೊಂಡೋಗಿ ಸುರಿಸ್ಕೊಂಡು ಬಂದ್ರಾಯ್ತು."

ಅವಳಿಗೂ ಹಾಗೇ ಅನ್ನಿಸಿತು. ತಟ್ಟೆಗಳನ್ನು ಎಡಗೈಯಲ್ಲೇ ಗೋಡೆಗೆ ಒರಗಿಸಿಟ್ಟಳು.

ಹದಿಮೂರು ವರ್ಷದ ಕೆಳಗೆ ಸೊಪ್ಪು ಕತ್ತರಿಸುವ ಯಂತ್ರಕ್ಕೆ ಅವಳ ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತು. ಕಲಿಯುವ ಕೈಗಳು ಆಗತಾನೆ ಪೇಟೆಯ ಕೃತಕಾಂಗ ಕೇಂದ್ರಕ್ಕೆ ಬಂದಿದ್ದ ಕಾಲ. ಮೊಂಡುಗೈಗೆ ಒಂದು ಕಪ್ಪು ಪಟ್ಟಿ ಕಟ್ಟುತ್ತಾರೆ. ಒಳಗಿನ ನರ ಏನು ಮಾಡಬೇಕೆಂದು ಬಯಸುತ್ತದೋ ಅದರ ಅದುರು ಪಟ್ಟಿಗೆ ಸಿಗುತ್ತದೆ. ಎಷ್ಟು ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದನ್ನು ಮಾತ್ರ ಕೈ ತಾನೇ ಕಲಿಯಬೇಕು. ಹಿಡಿದು ಹಿಡಿದು, ತಪ್ಪಿ ತಪ್ಪಿ ಕಲಿಯಬೇಕು. ಹಾಗೆ ಕಲಿತದ್ದಕ್ಕೆ ಕೇಂದ್ರದವರು ಏನೋ ಉದ್ದದ ಹೆಸರಿಟ್ಟಿದ್ದರು. ಊರವರು ಅಭ್ಯಾಸ ಎಂದರು. ಕೇಂದ್ರದವರೂ ಆಮೇಲೆ ಹಾಗೇ ಅನ್ನತೊಡಗಿದರು. ಕೈಯ ತೊಗಲು, ಕೀಲು ನಾಲ್ಕೈದು ವರ್ಷಕ್ಕೆ ಸವೆಯುತ್ತವೆ. ಅಭ್ಯಾಸ ಸವೆಯುವುದಿಲ್ಲ. ಹಳೆಯ ಕೈಯಿಂದ ತೆಗೆದು ಹೊಸದಕ್ಕೆ ಸುರಿಯುತ್ತಾರೆ. ಮುನಿರತ್ನಮ್ಮನದು ಈಗ ಸತ್ತದ್ದು ಮೂರನೆಯ ಕೈ.

ಮೊದಲ ಕೈ ಎಳೆಮಗುವಿನ ಕೈಯ ಹಾಗಿತ್ತು. ಲೋಟ ಹಿಡಿದರೆ ಲೋಟ ನೆಗ್ಗುತ್ತಿತ್ತು, ಬಾಳೆಹಣ್ಣು ಹಿಡಿದರೆ ಸಿಪ್ಪೆ ಮಾತ್ರ ಉಳಿಯುತ್ತಿತ್ತು. ಮುದ್ದೆ ಕಟ್ಟಲು ಒಂದು ವರ್ಷ, ಜಡೆ ಹೆಣೆಯಲು ಎರಡು ವರ್ಷ. ಹಣ್ಣು ಹುಳು ಎತ್ತಲು ನಾಲ್ಕು ವರ್ಷ ಹಿಡಿಯಿತು. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ನಿಲ್ಲುತ್ತದೆ. ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿಂತು ಪೊರೆ ಕಳಚುತ್ತದೆ. ನಾಲ್ಕನೆಯದರಿಂದ ಎದ್ದ ಮೇಲೆ ಏಳು ದಿನ ರಾಕ್ಷಸನಂತೆ ಮೇಯುತ್ತದೆ. ಆಮೇಲೆ ಮೈ ತಿಳಿಯಾಗಿ, ಬೆಳಕಿಗೆ ಹಿಡಿದರೆ ದ್ರಾಕ್ಷಿಯ ಹಾಗೆ ಕಾಣುತ್ತದೆ. ಅದೇ ಹಣ್ಣು ಹುಳು. ಅದನ್ನು ಆರಿಸಿ ಎತ್ತಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಸುತ್ತುಗಳೊಳಗೆ ಬಿಡಬೇಕು. ಕೊಂಚ ಒತ್ತಿದರೆ ಒಳಗಿನ ರೇಷ್ಮೆಯ ರಸ ಕೆಡುತ್ತದೆ, ಕೊಂಚ ಸಡಿಲ ಬಿಟ್ಟರೆ ಹುಳು ನೆಲಕ್ಕೆ. ಮುನಿರತ್ನಮ್ಮನ ಬಲಗೈ ಅದನ್ನು ಎಷ್ಟು ಚೆನ್ನಾಗಿ ಕಲಿತಿತ್ತೆಂದರೆ, ಪಕ್ಕದ ಊರಿನವರೂ ಹಣ್ಣು ಹುಳುವಿನ ದಿನ ಅವಳಿಗೆ ಹೇಳಿ ಕಳಿಸುತ್ತಿದ್ದರು. ನಿಜವಾದ ಕೈ ಇದ್ದಾಗ ಯಾರೂ ಕರೆದವರಲ್ಲ. ಅದೊಂದು ಹೆಮ್ಮೆ ಅವಳಿಗಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮೊದಲೆಲ್ಲ ಅಭ್ಯಾಸದ ನಕಲು ಕೇಂದ್ರದಲ್ಲೇ ಇರುತ್ತಿತ್ತು. ಎರಡು ವರ್ಷದ ಕೆಳಗೆ ದೂರದ ಯಾವುದೋ ಕಂಪನಿ ಒಬ್ಬ ಅಕ್ಕಸಾಲಿಗನ ಕೈಯ ಅಭ್ಯಾಸವನ್ನು ಅವನಿಗೆ ತಿಳಿಸದೆ ಕಾರ್ಖಾನೆಯ ಯಂತ್ರಗಳಿಗೆ ಮಾರಿಕೊಂಡಿತು. ದೊಡ್ಡ ಗಲಾಟೆಯಾಯಿತು. ಅಭ್ಯಾಸ ಕೈಯ ಒಡೆಯರ ಸೊತ್ತು, ಅವರವರ ಮನೆಯಲ್ಲೇ ಇರತಕ್ಕದ್ದು ಎಂದು ಕಾನೂನು ಬಂತು. ಯುಗಾದಿಯ ಒಳಗೆ ಎಲ್ಲರೂ ತಮ್ಮ ತಮ್ಮ ಏರ್ಪಾಡು ಮಾಡಿಕೊಳ್ಳಿ ಎಂದು ಕೇಂದ್ರದಿಂದ ಕಾಗದ ಬಂದಾಗ ಗಂಡ ಹೆಂಡತಿ ಇಬ್ಬರೂ ಪೇಟೆಗೆ ಹೋಗಿದ್ದರು.

ಕೇಂದ್ರದಲ್ಲಿ ಕೈಗಳನ್ನು ನೋಡಿಕೊಳ್ಳುವ ಇಂಜಿನಿಯರ್ ತಬಸ್ಸುಮ್. ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಅವತ್ತು ಮೇಜಿನ ಮೇಲೆ ಮೂರು ಸಾಮಾನು ಇಟ್ಟುಕೊಂಡು ಬಂದವರಿಗೆಲ್ಲ ಹೇಳುತ್ತಿದ್ದಳು.

"ಇದು ಒಂಟಿ ಡಬ್ಬಿ. ಒಂದೇ ನಕಲು ಇರುತ್ತೆ. ಇದು ಜೋಡಿ ಡಬ್ಬಿ. ಒಳಗೆ ಎರಡು ಪೆಟ್ಟಿಗೆ, ಒಂದರಲ್ಲಿ ಬರೆದಿದ್ದು ಇನ್ನೊಂದಕ್ಕೂ ಹೋಗುತ್ತೆ. ಇದು ಬಿಲ್ಲೆ." ಎಂಟಾಣೆ ಅಗಲದ್ದು, ತಾಮ್ರದ ಬಣ್ಣದ್ದು. "ಇದಕ್ಕೆ ಕರೆಂಟ್ ಬೇಡ. ಆದ್ರೆ ತಾನಾಗೇ ಏನೂ ಬರ್ಕೊಳ್ಳಲ್ಲ, ಇವತ್ತು ಎಷ್ಟಿದೆಯೋ ಅಷ್ಟೇ. ಮಣಿಕಟ್ಟಿನ ಸೀಳಿಗೆ ಒತ್ತಿದ್ರೆ ಕೈಯೇ ಓದ್ಕೊಳ್ಳುತ್ತೆ."

"ಜೋಡಿ ಡಬ್ಬಿ ಕೊಡಿ ಮೇಡಂ," ಎಂದ ಪಿಳ್ಳಾಂಜಿನಪ್ಪ. "ಜೋಡಿ ಎತ್ತು ಇದ್ದಂಗೆ. ಒಂದು ಮಲಗಿದ್ರೂ ಇನ್ನೊಂದು ಎಳೀತದೆ."

"ಎರಡೂ ಒಂದೇ ಕೊಟ್ಟಿಗೇಲಿ ಇದ್ದು, ಕೊಟ್ಟಿಗೆಗೆ ಬೆಂಕಿ ಬಿದ್ರೆ ಅಣ್ಣಾ?"

ಅವನು ತಲೆ ಕೆರೆದುಕೊಂಡ.

"ಅದಕ್ಕೇ ಹೇಳ್ತಿರೋದು. ಮೂರು ನಕಲು ಇರಲಿ. ಎರಡು ಬಗೆ ಇರಲಿ. ಒಂದು ಮನೆಯಿಂದಾಚೆ ಇರಲಿ. ಇಲ್ಲಿಗೆ ಬರೋರಲ್ಲೇ ಜೊತೆ ಮಾಡ್ತಿದ್ದೀನಿ. ನೀವು ಇನ್ನೊಬ್ಬರ ಬಿಲ್ಲೆ ಇಟ್ಕೊಳ್ಳಿ, ಅವರು ನಿಮ್ಮದನ್ನ ಇಟ್ಕೊಳ್ತಾರೆ. ಇಷ್ಟ ಇದ್ರೆ ಮಾತ್ರ."

ಬೆಂಚಿನ ಮೇಲೆ ಆಚೆ ತುದಿಗೆ ಕೂತಿದ್ದವನ ಹೆಸರು ಚೌಡಪ್ಪ. ಹದಿನೆಂಟು ಮೈಲಿ ಆಚೆಯ ಊರಿನ ಕುಂಬಾರ. ಅವನಿಗೂ ಹೋಗಿದ್ದದ್ದು ಬಲಗೈಯೇ. ಪಿಳ್ಳಾಂಜಿನಪ್ಪ ಹೆಂಡತಿಯ ಕಿವಿಯ ಹತ್ತಿರ ಬಾಗಿದ.

"ನಿನ್ನ ಕೈ ಹೋಗಿ ಯಾವ್ನೋ ಗುರುತಿಲ್ದೋನ ಮನೇಲಿ ಯಾಕಿರ್ಬೇಕು? ಬ್ಯಾಡ ಅನ್ನು."

"ನಿಮ್ಮವ್ವ ಏನ್ ಮಾಡ್ತಿದ್ಲು ಮಾವ?" ಎಂದಳು ಮುನಿರತ್ನಮ್ಮ. ಅವನ ತಾಯಿ ಅವಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಆ ಮುದುಕಿ ಪ್ರತಿ ಬೆಳೆಯಲ್ಲೂ ಎರಡನೇ ಜ್ವರ ಎದ್ದ ಹುಳುಗಳಲ್ಲಿ ಒಂದು ತಟ್ಟೆ ತೆಗೆದು ಇನ್ನೊಂದು ಮನೆಗೆ ಕೊಟ್ಟು, ಅವರದೊಂದು ತಟ್ಟೆ ತಾನು ತರುತ್ತಿದ್ದಳು. ಒಂದು ಮನೆಗೆ ರೋಗ ಹೊಕ್ಕರೆ ಇನ್ನೊಂದು ಮನೆಯಲ್ಲಾದರೂ ನಮ್ಮ ಹುಳು ಉಳಿಯಲಿ ಎಂದು. "ನಿಮ್ಮವ್ವನಿಗೆ ಯಾವ ಮೇಡಂ ಹೇಳ್ಕೊಟ್ಟಿದ್ರು?"

ತಬಸ್ಸುಮ್ ನಕ್ಕಳು. ಬಿಲ್ಲೆಗಳು ಕೈ ಬದಲಾದವು. ಚೌಡಪ್ಪ ಹೆಚ್ಚು ಮಾತಿನವನಲ್ಲ. ಅವಳ ಬಿಲ್ಲೆಯನ್ನು ಪಂಚೆಯ ಸೊಂಟದಲ್ಲಿ ಸಿಕ್ಕಿಸಿಕೊಂಡು, "ಇರ್ತದೆ ತಾಯಿ," ಎಂದಷ್ಟೇ ಹೇಳಿದ್ದ.

ಡಬ್ಬಿಯ ಜೊತೆ ತಬಸ್ಸುಮ್ ಒಂದು ಚೀಟಿ ಬರೆದುಕೊಟ್ಟಿದ್ದಳು. ತಂಪಾದ ಜಾಗ, ಧೂಳು ಇಲ್ಲದ ಜಾಗ, ಇಲಿ ಇರುವೆ ಬಾರದ ಜಾಗ, ಕರೆಂಟ್ ಹೋಗದ ಜಾಗ. ಮನೆಗೆ ಬಂದು ಗಂಡ ಹೆಂಡತಿ ಚೀಟಿ ಹಿಡಿದುಕೊಂಡು ಮನೆಯೆಲ್ಲ ಸುತ್ತಿದರು. ಅಡುಗೆಮನೆ ಹೊಗೆ. ನಡುಮನೆ ಧೂಳು. ಅಟ್ಟದಲ್ಲಿ ಇಲಿ. ಅಷ್ಟೂ ಗುಣ ಇದ್ದದ್ದು ಒಂದೇ ಕಡೆ. ಹುಳುವಿನ ಮನೆ. ತಮಗೆ ಫ್ಯಾನ್ ಇಲ್ಲದಿದ್ದರೂ ಹುಳುಗಳಿಗೆ ತಣ್ಣನೆಯ ಗಾಳಿಯ ಯಂತ್ರ, ಕರೆಂಟ್ ಹೋದರೆ ಬ್ಯಾಟರಿ, ಕಿಟಕಿಗೆ ಹುಳು ಕೊಲ್ಲುವ ಊಜಿ ನೊಣ ಬರದ ಬಲೆ, ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ಚಪ್ಪಲಿ ಇರಲಿ, ಹೊರಗಿನವರ ನೆರಳೂ ಅಲ್ಲಿ ಹೋಗುವಂತಿರಲಿಲ್ಲ. ಡಬ್ಬಿಯನ್ನು ಅದರೊಳಗೆ ಮೇಲಿನ ಹಲಗೆಗೆ ಏರಿಸಿದರು. ಪಕ್ಕದಲ್ಲೇ ಚೌಡಪ್ಪನ ಬಿಲ್ಲೆ.

"ದೇವರ ಗೂಡಿಗಿಂತ ಚೊಕ್ಕಟ," ಎಂದಿದ್ದ ಪಿಳ್ಳಾಂಜಿನಪ್ಪ.

*

ಕೈ ಸತ್ತ ದಿನ ಮಧ್ಯಾಹ್ನ ಕೇಂದ್ರದಲ್ಲಿ ತಬಸ್ಸುಮ್ ಡಬ್ಬಿಯ ಮುಚ್ಚಳ ಬಿಚ್ಚಿದಳು. ಒಳಗೆ ಬಗ್ಗಿ ನೋಡಿದಳು. ಆಮೇಲೆ ಮೂಗಿನ ಹತ್ತಿರ ಹಿಡಿದಳು.

"ಅಣ್ಣಾ, ಇದನ್ನ ಎಲ್ಲಿಟ್ಟಿದ್ರಿ?"

"ಹುಳದ ಮನೇಲಿ. ನೀವೇ ಬರ್ಕೊಟ್ಟಿದ್ರಲ್ಲ ಮೇಡಂ, ತಂಪಾದ ಜಾಗ."

"ಬ್ಲೀಚಿಂಗ್ ಪೌಡರ್ ಎಷ್ಟು ಸಲ ಹೊಡೆದ್ರಿ?"

"ಬೆಳೆ ಬೆಳೆಗೂ ಹೊಡೀತೀವಿ. ಗೋಡೆಗೆ, ಸೂರಿಗೆ, ತಟ್ಟೆಗೆ. ಹೊಡೀದಿದ್ರೆ ರೋಗ ಬರ್ತದಲ್ಲ." ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

ತಬಸ್ಸುಮ್ ಡಬ್ಬಿಯನ್ನು ಅವರ ಕಡೆ ತಿರುಗಿಸಿದಳು. ಒಳಗಿನ ತಾಮ್ರದ ಗೆರೆಗಳ ಮೇಲೆಲ್ಲ ಹಸಿರು ಕಿಲುಬು. ಮೂಲೆಗಳಲ್ಲಿ ಬಿಳಿ ಉಪ್ಪಿನಂಥ ಹುಡಿ. ಹುಳುಗಳಿಗೆಂದು ನೇತುಹಾಕಿದ ಒದ್ದೆ ಗೋಣಿಯ ತೇವ, ಅದರ ಜೊತೆಗೆ ಬ್ಲೀಚಿಂಗ್ ಗಾಳಿ. ಎಂಟು ತಿಂಗಳು, ಐದು ಬೆಳೆ. ಎರಡನೇ ಪೆಟ್ಟಿಗೆಯನ್ನೂ ಬಿಚ್ಚಿದಳು. ಅದೂ ಹಾಗೇ ಇತ್ತು.

"ಹಸಿರು ದೀಪ ಉರೀತಾನೇ ಇತ್ತು ಮೇಡಂ," ಎಂದ ಅವನು. "ದಿನಾ ನೋಡ್ತಿದ್ದೆ."

"ದೀಪ ಕರೆಂಟಿಗೆ ಅಣ್ಣ. ಒಳಗಿರೋದಕ್ಕಲ್ಲ." ಅವಳು ಕುರ್ಚಿಯಲ್ಲಿ ಕುಸಿದು ಕೂತಳು. "ತಪ್ಪು ನಂದೂ ಇದೆ. ಚೀಟೀಲಿ ತೇವ ಇರಬಾರದು ಅಂತ ಬರೀಲಿಲ್ಲ. ರೀಲಿಂಗ್ ಮನೆ ಮಗಳು ನಾನು, ಹುಳದ ಮನೆ ಅಂದ್ರೆ ಏನು ಅಂತ ನನಗೇ ಹೊಳೀಬೇಕಿತ್ತು."

ಸತ್ತ ಕೈಯನ್ನೂ ಬಿಚ್ಚಿ ನೋಡಿದಳು. ಒಳಗೆ ನೀರು. ಏನೂ ಉಳಿದಿರಲಿಲ್ಲ.

ಹೊಸ ಕೈ ಮೇಜಿನ ಮೇಲೆ ಹಾಳೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಮುನಿರತ್ನಮ್ಮ ಅದನ್ನೇ ನೋಡುತ್ತಿದ್ದಳು. ಏನೂ ಅರಿಯದ ಕೈ. ಲೋಟ ನೆಗ್ಗಿಸುವ ಕೈ. ಮತ್ತೆ ನಾಲ್ಕು ವರ್ಷ. ಆಗ ಅವಳಿಗೆ ಮೂವತ್ತೆಂಟು, ಈಗ ಐವತ್ತೊಂದು. ಮನೆಯಲ್ಲಿ ಹುಳುಗಳು ಮೇಯುತ್ತಿದ್ದವು. ಅವು ಯಾರಿಗೂ ಕಾಯುವುದಿಲ್ಲ, ಎಂಟನೇ ದಿನಕ್ಕೆ ಹಣ್ಣಾಗುತ್ತವೆ. ಕೂಲಿಯವರನ್ನು ಕರೆದು ಎತ್ತಿಸಬಹುದು, ಬೆಳೆ ಹೋಗುವುದಿಲ್ಲ. ಆದರೆ ಅವರ ನಡುವೆ ತಾನು ಕೈ ಕಟ್ಟಿಕೊಂಡು ನಿಲ್ಲಬೇಕು.

"ಕುಂಬಾರರ ಹತ್ರ ನಿಮ್ಮ ಬಿಲ್ಲೆ ಇದೆಯಲ್ಲ," ಎಂದಳು ತಬಸ್ಸುಮ್, ಮೆಲ್ಲಗೆ. "ಫೋನ್ ಮಾಡ್ದೆ, ಸಿಗ್ತಿಲ್ಲ. ನಾಳೆ ಬೆಳಿಗ್ಗೆ ನೀವೇ ಹೋಗಿ ಬನ್ನಿ. ಅದೇನಾದ್ರೂ ಚೆನ್ನಾಗಿದ್ರೆ..." ಮಾತು ಮುಗಿಸಲಿಲ್ಲ. ಜನ ಬಿಲ್ಲೆಗಳನ್ನು ಎಲ್ಲೆಲ್ಲಿ ಇಡುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಒಬ್ಬರು ಕರೆಂಟ್ ಮೀಟರಿನ ಹಿಂದೆ ಇಟ್ಟಿದ್ದರು, ಇನ್ನೊಬ್ಬರ ಮೊಮ್ಮಗು ಅದರಲ್ಲಿ ಗೋಲಿ ಆಡಿತ್ತು.

*

ಸೊಪ್ಪು ಹಾಕಲು ನೆರೆಮನೆಯವರಿಗೆ ಹೇಳಿ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟರು. ಖಾಲಿ ತೋಳಿನ ಮೇಲೆ ಸೆರಗು ಹೊದ್ದು ಮುನಿರತ್ನಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ಗಂಡನ ಕಡೆ ತಿರುಗಿದಳು.

"ಮಾವ. ಆ ಯಣ್ಣನ ಬಿಲ್ಲೆ?"

ಪಿಳ್ಳಾಂಜಿನಪ್ಪ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಅವನಿಗೆ ಬೆಳಿಗ್ಗೆಯೇ ನೆನಪಾಗಿತ್ತು, ಹೇಳಲು ಬಾಯಿ ಬಂದಿರಲಿಲ್ಲ. ಬಿಲ್ಲೆ ಎಂಬುದು ಹಳೆಯ ಗಿಂಡಿಯ ತಳದ ಹಾಗೆ ಹಸಿರಾಗಿತ್ತು. ಇಬ್ಬರೂ ಅದನ್ನು ನೋಡಿದರು. ಪೊಟ್ಟಣ ಮತ್ತೆ ಜೇಬಿಗೆ ಹೋಯಿತು.

ದೀಪಾವಳಿಗೆ ಹನ್ನೆರಡು ದಿನವಿತ್ತು. ಚೌಡಪ್ಪನ ಮನೆಯ ಅಂಗಳದ ತುಂಬ ಹಸಿ ಹಣತೆಗಳು. ಕಾಲಿಡಲು ಜಾಗವಿಲ್ಲದಷ್ಟು, ಸಾಲು ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು. ಅವನ ಹೆಂಡತಿ ಅಕ್ಕಯ್ಯಮ್ಮ ಹಣತೆಗಳ ನಡುವೆ ಕಾಲುದಾರಿ ತೋರಿಸಿ ಒಳಗೆ ಕರೆದಳು. ಚೌಡಪ್ಪ ಮಡಕೆ ಸುಡುವ ಆವಿಗೆಯ ಹತ್ತಿರ ಸೌದೆ ಜೋಡಿಸುತ್ತಿದ್ದವನು ಕೈ ತೊಳೆದು ಬಂದ.

ಕೂತ ಕೂಡಲೆ ಮುನಿರತ್ನಮ್ಮ ಹೇಳಿದಳು. "ಅಣ್ಣಾ, ಒಂದು ಕೇಳೋದೈತೆ, ಒಂದು ಹೇಳೋದೈತೆ. ಮೊದಲು ಹೇಳೋದು ಹೇಳಿಬಿಡ್ತೀನಿ. ಮಾವ, ತೆಗಿ."

ಪೊಟ್ಟಣ ಬಿಚ್ಚಿತು. ಚೌಡಪ್ಪ ಆ ಹಸಿರು ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಅತ್ತ ಇತ್ತ ತಿರುಗಿಸಿ ನೋಡಿದ.

"ನೀವು ನಂಬಿ ಕೊಟ್ಟಿದ್ರಿ. ನಮ್ಮ ಮನೇಲಿ ಎಲ್ಲಕ್ಕಿಂತ ಒಳ್ಳೆ ಜಾಗ ಅಂತ ಹುಳದ ಮನೇಲಿ ಮಡಗಿದ್ವಿ. ನಿಮ್ದೂ ಹೋಯ್ತು, ನಮ್ದೂ ಹೋಯ್ತು," ಎಂದಳು.

"ನಂದೆಲ್ಲಿ ಹೋಗ್ತದೆ? ಇಲ್ಲೇ ಐತಲ್ಲ." ಅವನು ತನ್ನ ಬಲಗೈ ಎತ್ತಿ ಬೆರಳಾಡಿಸಿದ. "ಕೊಟ್ಟ ಬೀಜಕ್ಕೆ ಹುಳ ಬಿದ್ರೆ ಏನ್ ಮಾಡ್ತೀರಿ? ಇನ್ನೊಂದು ಹಿಡಿ ಕೊಡ್ತೀನಿ, ಅಷ್ಟೇ. ನಿಮ್ದು ಹೋಯ್ತು ಅಂತ ಯಾಕಂತೀರಿ? ಲೇ, ಆ ಗಡಿಗೆ ಇಳಿಸು."

ಅಕ್ಕಯ್ಯಮ್ಮ ಒಲೆಯ ಮೇಲಿನ ಅಟ್ಟದಿಂದ ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆ ಇಳಿಸಿದಳು. ಒಳಗೆ ಆವಿಗೆಯ ಬೂದಿ. ಕೈ ಇಳಿಬಿಟ್ಟು ತಡಕಿ, ಒಂದು ಸೋರೆ ಬೀಜದ ಗಂಟು ತೆಗೆದಳು, ಒಂದು ಹೀರೆ ಬೀಜದ ಗಂಟು ತೆಗೆದಳು, ಆಮೇಲೆ ಮೇಣ ಮೆತ್ತಿದ ಇನ್ನೊಂದು ಸಣ್ಣ ಗಂಟು. ಬಿಚ್ಚಿದಳು. ತಾಮ್ರದ ಬಣ್ಣದ ಬಿಲ್ಲೆ, ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು.

ಮುನಿರತ್ನಮ್ಮ ಎಡಗೈ ಚಾಚಿದಳು.

"ಒಳಗೆ ಸರಿಯಾಗಿದ್ಯೋ ಇಲ್ವೋ," ಎಂದ ಪಿಳ್ಳಾಂಜಿನಪ್ಪ. ಒಮ್ಮೆ ಹಸಿರು ದೀಪ ನಂಬಿ ಕೆಟ್ಟವನು.

"ಐತೆ," ಎಂದ ಚೌಡಪ್ಪ.

"ಹೆಂಗ್ ಹೇಳ್ತೀರಿ?"

ಚೌಡಪ್ಪ ನೆಲ ನೋಡಿದ. ಅಕ್ಕಯ್ಯಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು.

"ಹೇಳು, ಈಗ್ಯಾಕೆ ನಾಚ್ಕೆ? ಅಮಾಸೆ ಅಮಾಸೆಗೂ ಹಾಕ್ಕಂತಿದ್ದೆಯಲ್ಲ ಆ ತಾಯಿ ಕೈನ!"

ಪಿಳ್ಳಾಂಜಿನಪ್ಪನ ಹುಬ್ಬು ಮೇಲೇರಿತು. "ಹಾಕ್ಕಂತಿದ್ರಾ? ಅಂದ್ರೆ?"

"ಬೀಜ ಮಡಗಿದ್ರೆ ಸಾಲ್ದಲ್ಲ ಯಜಮಾನ್ರೇ," ಎಂದ ಚೌಡಪ್ಪ, ತಪ್ಪು ಒಪ್ಪಿಕೊಳ್ಳುವವನ ಹಾಗೆ. "ನಾಕು ಕಾಳು ಒದ್ದೆ ಬಟ್ಟೇಲಿ ಕಟ್ಟಿ, ಮೊಳಕೆ ಬರ್ತದಾ ಅಂತ ನೋಡ್ಬೇಕು. ನಮ್ಮವರ ಪದ್ಧತಿ ಅದು. ಅಮಾಸೆ ದಿನ ನಾವು ತಿಗರಿ ತಿರುಗ್ಸಲ್ಲ, ಕೈ ಬಿಡುವು. ನನ್ನ ಅಭ್ಯಾಸ ಪಕ್ಕಕ್ಕೆ ಸರ್ಸಿ, ಇವರದನ್ನ ಮಣಿಕಟ್ಟಿಗೆ ಒತ್ತಿ, ಅರ್ಧ ಗಳಿಗೆ ನೋಡ್ತಿದ್ದೆ. ಜೀವ ಐತಾ ಅಂತ. ಬೇರೆಯವರ ಕೆರ ಮೆಟ್ಟಿದಂಗೆ, ಮೊದಲು ಎಡವ್ತದೆ. ಆಮೇಲೆ ನಡೀತದೆ."

ಪಿಳ್ಳಾಂಜಿನಪ್ಪ ಹೆಂಡತಿಯ ಕಡೆ ನೋಡಿದ. ಮುಖ ಬಿಗಿದುಕೊಂಡಿತ್ತು.

"ನಂಗೂ ಮೊದಲು ಹಂಗೇ ಅನ್ನಿಸ್ತು ಕಣಣ್ಣಾ," ಎಂದಳು ಅಕ್ಕಯ್ಯಮ್ಮ. "ಇದ್ಯಾವಳ ಕೈ ಹಾಕ್ಕೊಂಡು ನನ್ನ ಎದುರಿಗೇ ಕೂತವ್ನೆ ಅಂತ. ಒಂದು ದಿನ ಆ ಕೈನಾಗೆ ಹಸಿ ಹಣತೆ ಎತ್ತಿ ಬಿಸಿಲಿಗೆ ಮಡಗಿದ. ಇವನ ಸ್ವಂತ ಕೈ ಕತ್ತೆ ಕೈ. ಮಣ್ಣು ತುಳಿಯೋಕೆ, ಮಿದಿಯೋಕೆ ಆಯ್ತು, ಹಸಿ ಹಣತೆ ಮುಟ್ಟಿದ್ರೆ ಬೆರಳ ಗುರುತು ಬೀಳ್ತದೆ. ನಿನ್ನ ಹೆಂಡ್ರ ಕೈಲಿ ಎತ್ತಿದ್ದು ನೋಡಿಲ್ಲಿ." ಅವಳು ಗೂಡಿನಲ್ಲಿದ್ದ ಒಂದು ಸುಟ್ಟ ಹಣತೆ ತಂದು ಅವನ ಕೈಗೆ ಕೊಟ್ಟಳು. "ಒಂದು ಗೀರಿಲ್ಲ. ಹೂ ಎತ್ತಿದಂಗೆ ಎತ್ತಿತ್ತು. ಇದನ್ನ ಮಾರ್ಲಿಲ್ಲ, ಮನೇಲೇ ಹಚ್ತೀನಿ."

ಪಿಳ್ಳಾಂಜಿನಪ್ಪ ಹಣತೆಯನ್ನು ಸುತ್ತ ತಿರುಗಿಸಿ ನೋಡಿದ. ಅಂಚಿನ ಮೇಲೆ ಬೆರಳಾಡಿಸಿದ. ಆಮೇಲೆ ಅದನ್ನು ತಿರುಗಿ ಅವಳ ಕೈಯಲ್ಲಿಟ್ಟ.

"ನಾನು ದಿನಾ ದೀಪ ನೋಡ್ದೆ," ಎಂದ. "ನೀವು ಕೈ ನೋಡಿದ್ರಿ."

ಊಟ ಮಾಡದೆ ಹೋಗಲು ಅವರು ಬಿಡಲಿಲ್ಲ. ಹೊರಡುವಾಗ ಅಕ್ಕಯ್ಯಮ್ಮ ಹೊಸದೊಂದು ಗಡಿಗೆಗೆ ಬೂದಿ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಮುನಿರತ್ನಮ್ಮನ ಕಂಕುಳಿಗೆ ಕೊಟ್ಟಳು. "ಇವನ ಹೊಸ ಬಿಲ್ಲೆ ಬಂದಾಗ ಇದ್ರಾಗೆ ಮಡಗು ತಾಯಿ. ಹುಳದ ಮನೇಗೆ ಮಾತ್ರ ಒಯ್ಬೇಡ." ಚೌಡಪ್ಪನೂ ಅವರ ಜೊತೆಗೇ ಬಸ್ಸು ಹತ್ತಿದ. ತನ್ನ ಬಿಲ್ಲೆಯನ್ನು ಮತ್ತೆ ಬರೆಸಬೇಕಿತ್ತಲ್ಲ.

*

ಕೇಂದ್ರದಲ್ಲಿ ತಬಸ್ಸುಮ್ ಪರದೆಯ ಮುಂದೆ ಕೂತು ಬಿಲ್ಲೆಯಿಂದ ಹೊಸ ಕೈಗೆ ಅಭ್ಯಾಸ ಸುರಿಯತೊಡಗಿದಳು. ಮೂವರೂ ಅವಳ ಬೆನ್ನ ಹಿಂದೆ ನಿಂತಿದ್ದರು. ಪರದೆಯ ಮೇಲೆ ಸಣ್ಣ ಸಣ್ಣ ಗೆರೆಗಳು ಸಾಲು ಹಚ್ಚಿ ಮೇಲೇರುತ್ತಿದ್ದವು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಗೆರೆ ಏರಿದ ಮೇಲೆ ಅವಳು ಉಸಿರು ಬಿಟ್ಟಳು.

"ಎಲ್ಲಾ ಬಂತು ಅಮ್ಮಾ. ಬಿಲ್ಲೆ ಬರೆದ ಮೇಲೆ ಕಲಿತದ್ದು ಮಾತ್ರ ಇಲ್ಲ."

"ಈ ಎಂಟು ತಿಂಗಳಲ್ಲಿ ಏನ್ ಕಲ್ತಿದ್ದೀನಿ? ಹೊಸ ಫೋನ್ ಒತ್ತೋದು. ಅದು ಬರದಿದ್ರೇ ಒಳ್ಳೇದು."

ತಬಸ್ಸುಮ್ ನಗುತ್ತ ಪರದೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓಡಿಸಿದಳು. ಒಂದು ಕಡೆ ನಿಂತಳು. ಅಲ್ಲಿ ಇತರ ಗೆರೆಗಳಿಗೆ ಸೇರದ ಬೇರೆ ಬಣ್ಣದ ಒಂದು ಪುಟ್ಟ ಗೆರೆ.

"ಇದು ನಿಮ್ಮದಲ್ಲ. ಹೆಬ್ಬೆರಳಿನ ಚಲನೆ. ಸುತ್ತು ತಿರುಗೋದು." ಅವಳು ಚೌಡಪ್ಪನ ಕಡೆ ತಿರುಗಿದಳು. "ಅಣ್ಣಾ, ಬಿಲ್ಲೆ ಒತ್ತಿದಾಗ ಫೋನಲ್ಲಿ 'ನೋಡು' ಅಂತ ಒತ್ತಿದ್ರಾ, 'ಬಳಸು' ಅಂತ ಒತ್ತಿದ್ರಾ?"

"ಓದೋಕೆ ಎಲ್ಲಿ ಬರ್ತದೆ ತಾಯಿ? ಮೇಲಿಂದು ಕೆಂಪಗಿತ್ತು, ಕೆಳಗಿಂದು ಹಸಿರಿತ್ತು. ಹಸಿರು ಒಳ್ಳೇದು ಅಂತ ಅದನ್ನ ಒತ್ತಿದೆ."

"ಅದು 'ಬಳಸು'. ಹಾಗೆ ಒತ್ತಿದ್ರೆ ಕೈ ಮಾಡಿದ್ದನ್ನ ಬಿಲ್ಲೆಗೂ ಬರೆಯುತ್ತೆ. ಅದಕ್ಕೇ ನೀವು ಹಾಕ್ಕೊಂಡಷ್ಟು ಹೊತ್ತಿನಲ್ಲಿ ನಿಮ್ಮದೊಂದು ಸೇರ್ಕೊಂಡಿದೆ." ಅವಳು ತಲೆಯಾಡಿಸಿದಳು. "ನಿಮ್ಮನ್ನ ಬೈಬೇಕೋ ಕಾಲಿಗೆ ಬೀಳ್ಬೇಕೋ ಗೊತ್ತಾಗ್ತಿಲ್ಲ. ನಾನು ನೂರಾ ಹನ್ನೊಂದು ಜನಕ್ಕೆ ಬಿಲ್ಲೆ ಕೊಟ್ಟಿದ್ದೀನಿ. ಒಳಗಿರೋದು ಬದುಕಿದೆಯಾ ಅಂತ ತೆರೆದು ನೋಡಿದವರು ನೀವೊಬ್ಬರೇ."

ಚೌಡಪ್ಪನ ಮುಖ ಸಣ್ಣದಾಗಿತ್ತು. "ಮಡಿಕೆ ಅಂಚು ನೀವೋದು ಅದು. ಹಣತೆ ಎತ್ತಿ ಇಟ್ಟ ಮೇಲೆ ಒಂದು ಸುತ್ತು ನೀವ್ತೀವಿ. ನಾನು ಬೇಕಂತ ಮಾಡಿದ್ದಲ್ಲ. ಕೈ ತಾನೇ ಹೋಗ್ಬಿಡ್ತದೆ. ತೆಗ್ದುಬಿಡಿ ತಾಯಿ, ಅವರ ಕೈ ಅವರಿಗೇ ಇರ್ಲಿ."

"ತೆಗೀಬಹುದು. ಒಂದು ನಿಮಿಷದ ಕೆಲಸ," ಎಂದಳು ತಬಸ್ಸುಮ್. "ಅಮ್ಮಾ, ತೆಗೆದುಬಿಡಲಾ?"

ಮುನಿರತ್ನಮ್ಮ ಹೊಸ ಕೈಯನ್ನು ಆಗಲೇ ತೊಡಿಸಿಕೊಂಡಿದ್ದಳು. ಬೆರಳುಗಳನ್ನು ಮಡಚಿದಳು. ಬಿಚ್ಚಿದಳು. ಮೇಜಿನ ಮೇಲಿದ್ದ ಕಾಗದದ ಲೋಟವನ್ನು ಎತ್ತಿದಳು. ಅದು ನೆಗ್ಗಲಿಲ್ಲ. ಒಳಗಿದ್ದ ಚಹಾ ತುಳುಕಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

"ಇರ್ಲಿ ಬಿಡು ಮಗಾ," ಎಂದಳು. "ಎಂಟು ತಿಂಗಳು ಅವರ ಮನೇಲಿ ಉಂಡು ಮಲಗಿ ಬಂದಿದೆ. ಬರಿಗೈಲಿ ಬರ್ತದಾ?"

*

ಮನೆಯ ಏರ್ಪಾಡು ಬದಲಾಯಿತು. ಹೊಸ ಡಬ್ಬಿ ನಡುಮನೆಯ ದೇವರ ಗೂಡಿನ ಪಕ್ಕಕ್ಕೆ ಬಂತು. ಅದರ ಮೇಲೆ ಪಿಳ್ಳಾಂಜಿನಪ್ಪ ದಿನಾ ಒಣಬಟ್ಟೆ ಆಡಿಸುತ್ತಿದ್ದ. ಚೌಡಪ್ಪನ ಬಿಲ್ಲೆ ಬೂದಿ ಗಡಿಗೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಏರಿತು. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗಳಿಗೆಲ್ಲ ಅವನೇ ಕೆಂಪು ಸುತ್ತು ಎಳೆದ.

"ನೋಡು, 'ನೋಡು' ಅನ್ನೋದನ್ನೇ ಒತ್ಬೇಕು. ಮೇಲಿಂದು. ಕೆಂಪಂದು," ಎಂದು ಹೆಂಡತಿಗೆ ಮೂರು ಸಲ ಹೇಳಿದ.

"ನಂಗೆ ಓದೋಕೆ ಬರ್ತದೆ ಮಾವ," ಎಂದಳು ಅವಳು.

ಎಂಟನೇ ದಿನ ಬೆಳಿಗ್ಗೆ ಹುಳುಗಳು ಹಣ್ಣಾದವು. ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲದ್ದಿ ಇಬ್ಬರೂ ಒಳಗೆ ಹೋದರು. ಏಳು ದಿನ ಮಳೆ ಸುರಿದಂತೆ ಸೊಪ್ಪು ಮೇಯುತ್ತಿದ್ದ ಸದ್ದು ನಿಂತಿತ್ತು. ತಟ್ಟೆಗಳ ಮೇಲೆ ಹುಳುಗಳು ತಲೆಯೆತ್ತಿ, ನೂಲು ಸುತ್ತಲು ಜಾಗ ಹು‌ಡುಕುತ್ತ ಗಾಳಿಯಲ್ಲಿ ಮೂತಿ ಆಡಿಸುತ್ತಿದ್ದವು. ಗೋಡೆಯುದ್ದಕ್ಕೂ ಚಂದ್ರಿಕೆಗಳನ್ನು ಒರಗಿಸಿಟ್ಟಿದ್ದರು.

ಮುನಿರತ್ನಮ್ಮ ಮೊದಲ ತಟ್ಟೆಯ ಮುಂದೆ ನಿಂತಳು. ಕಣ್ಣಿಗೆ ಒಂದು ಹುಳು ಸಿಕ್ಕಿತು, ದ್ರಾಕ್ಷಿಯ ಹಾಗೆ ತಿಳಿಯಾದದ್ದು. ಹೊಸ ಕೈ ಹೊಸ ಕೈಯೇ. ಮನಸ್ಸು ಒಂದು ಕ್ಷಣ ಹಿಂಜರಿಯಿತು. ಪಕ್ಕದಲ್ಲಿ ಪಿಳ್ಳಾಂಜಿನಪ್ಪ ಉಸಿರು ಹಿಡಿದು ನೋಡುತ್ತಿದ್ದ. ಬೆರಳುಗಳು ಇಳಿದವು, ಹುಳುವಿನ ಎರಡು ಪಕ್ಕಕ್ಕೆ ಬಂದವು, ಒತ್ತಲಿಲ್ಲ, ಬಿಡಲಿಲ್ಲ. ಹುಳು ಎದ್ದಿತು. ತನ್ನನ್ನು ಎತ್ತಿದ್ದು ಗೊತ್ತೇ ಇಲ್ಲವೆಂಬಂತೆ ಅದು ಮೂತಿ ಆಡಿಸುತ್ತಲೇ ಇತ್ತು. ಚಂದ್ರಿಕೆಯ ಸುತ್ತಿನೊಳಗೆ ಅದನ್ನು ಬಿಟ್ಟಳು.

ಬಿಟ್ಟ ಮೇಲೆ, ಅವಳು ಕೇಳದೆಯೇ, ಹೆಬ್ಬೆರಳು ಆ ಬಿದಿರಿನ ಅಂಚಿನ ಮೇಲೆ ಮೆಲ್ಲಗೆ ಒಂದು ಸುತ್ತು ನೀವಿ ಬಂತು.

"ಅದೇನದು?" ಎಂದ ಪಿಳ್ಳಾಂಜಿನಪ್ಪ.

"ಚೌಡಪ್ಪಣ್ಣ ಬಂದು ಹೋದ," ಎಂದಳು ಮುನಿರತ್ನಮ್ಮ. ಇನ್ನೊಂದು ಹುಳುವಿಗೆ ಕೈ ಇಳಿಸಿದಳು.